ಬೀದಿ ಪರದೆಯ ಮುಂದೆ ನಿಂತವರು

1953ರಲ್ಲಿ ಮಡಿಕೇರಿ ಒಂದು ರಾಜ್ಯದ ರಾಜಧಾನಿ. ಕೊಡಗು ಆಗ ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯ; 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. ಮೈಸೂರಿನೊಡನೆ ಸೇರುವುದಕ್ಕೆ ಇನ್ನೂ ಮೂರು ವರ್ಷ ಬಾಕಿ ಇತ್ತು. ಆ ವರ್ಷ ಸುಂಟಿಕೊಪ್ಪದ ತಿರುವುಗಳನ್ನು ಹತ್ತಿ ಬಂದ ಮೈಸೂರು ಕಡೆಯ ನಾಟಕ ಕಂಪನಿಯೊಂದು ಮಡಿಕೇರಿಯಲ್ಲಿ ಮೊಕ್ಕಾಂ ಮಾಡಿತು. ಮೊಕ್ಕಾಮಿನ ನಡುವೆಯೇ ಕಂಪನಿಯ ಮಾಲೀಕರು ಕಣ್ಣು ಮುಚ್ಚಿದರು. ನಾಡೆಲ್ಲ ‘ಕಲ್ಚರ್ ಕಮೇಡಿಯನ್’ ಎಂದು ಕರೆಯುತ್ತಿದ್ದ ಕೆ. ಹಿರಣ್ಣಯ್ಯನವರು ಅವರು. ಹುಟ್ಟಿದ್ದು 1905ರಲ್ಲಿ, ಐವತ್ತು ಕೂಡ ತುಂಬಿರಲಿಲ್ಲ. ಅವರ ಮಗ ನರಸಿಂಹಮೂರ್ತಿಗೆ ಆಗ ಹತ್ತೊಂಬತ್ತರ ಆಸುಪಾಸು.

ಕೊಡಗಿನ ಚರಿತ್ರೆ ಹೇಳುವವರು ಅಪರಂಪಾರನನ್ನು ನೆನೆಯುತ್ತಾರೆ, ಚಿಕವೀರರಾಜೇಂದ್ರನನ್ನು ನೆನೆಯುತ್ತಾರೆ, ಕಾರ್ಯಪ್ಪ ತಿಮ್ಮಯ್ಯರನ್ನು ಮರೆಯುವುದೇ ಇಲ್ಲ. ನಮ್ಮ ಊರಿನಲ್ಲಿ ಕೊನೆಯುಸಿರೆಳೆದ ಆ ನಗೆಗಾರನ ಮಾತು ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಹೊರಗಿನಿಂದ ಬಂದವರು ಎಂಬುದು ಒಂದು ಕಾರಣ ಇರಬಹುದು. ಅದಕ್ಕಿಂತ ದೊಡ್ಡ ಕಾರಣ, ಕಂಪನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ಏನು ಎಂಬುದನ್ನೇ ನಾವು ಮರೆತಿರುವುದು. ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ ನಾಟಕದಲ್ಲಿ ಹಾಸ್ಯ ಎಂದು ಹೇಳಿ ಸುಮ್ಮನಾಗುತ್ತೇವೆ. ಅದು ನಿಜವಲ್ಲ. ಹಾಸ್ಯಗಾರ ಇಲ್ಲದಿದ್ದರೆ ಆ ರಂಗದ ಮೇಲೆ ಒಂದು ಮಾಯವೂ ನಡೆಯುತ್ತಿರಲಿಲ್ಲ. ಯಾಕೆ ಎಂಬುದು ನನಗೆ ಗೊತ್ತಾದದ್ದು ಚಿಕ್ಕಂದಿನಲ್ಲಿ, ರಂಗದ ಎದುರಿನಿಂದಲ್ಲ, ಪಕ್ಕದಿಂದ.

ಕುಶಾಲನಗರದ ಗಣಪತಿ ಜಾತ್ರೆಗೆ ಬಂದಿದ್ದ ಸಣ್ಣ ಕಂಪನಿಯದು. ತಗಡಿನ ಗೋಡೆ, ಮೇಲೆ ತೇಪೆ ಹಾಕಿದ ಟೆಂಟು. ನನ್ನನ್ನು ಕರೆದುಕೊಂಡು ಹೋಗಿದ್ದ ಮಾವನಿಗೆ ಹಾರ್ಮೋನಿಯಂ ಬಾರಿಸುವವರ ಪರಿಚಯ ಇತ್ತು. ಹಾಗಾಗಿ ಸೈಡ್ ವಿಂಗಿನ ಹತ್ತಿರ ಒಂದು ಟ್ರಂಕಿನ ಮೇಲೆ ನನಗೆ ಜಾಗ ಸಿಕ್ಕಿತು. ಎದುರಿಗೆ ರಸ್ತೆಯ ಚಿತ್ರ ಬರೆದ ಪರದೆ ಇಳಿಬಿಟ್ಟಿದ್ದರು: ಎರಡೂ ಬದಿಗೆ ಮನೆಗಳು, ನಡುವೆ ದೂರಕ್ಕೆ ಸಣ್ಣದಾಗುತ್ತ ಹೋಗುವ ಬೀದಿ. ಆ ಪರದೆಗೂ ದೀಪಗಳ ಸಾಲಿಗೂ ನಡುವೆ ಇದ್ದದ್ದು ನಾಲ್ಕು ಮೊಳ ಜಾಗ. ಅಷ್ಟರಲ್ಲೇ ಒಬ್ಬ ಹಾಸ್ಯಗಾರ ಛತ್ರಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಸಭೆ ನಗುತ್ತಿತ್ತು. ನಾನು ನೋಡುತ್ತಿದ್ದದ್ದು ಪರದೆಯ ಹಿಂದೆ. ಅಲ್ಲಿ ಆರೇಳು ಜನ ಬರಿಗಾಲಲ್ಲಿ, ಒಂದು ಮಾತಿಲ್ಲದೆ, ಸಿಂಹಾಸನ ಎತ್ತಿ ತಂದರು, ಮೆಟ್ಟಿಲು ಜೋಡಿಸಿದರು, ಕಂಬಗಳನ್ನು ನಿಲ್ಲಿಸಿ ಹಗ್ಗ ಬಿಗಿದರು. ಒಬ್ಬನ ಕೈಯಿಂದ ಮರದ ತುಂಡು ಜಾರಿ ದಡ್ ಎಂದು ಬಿತ್ತು. ಆ ಕ್ಷಣವೇ ಹಾಸ್ಯಗಾರ ಛತ್ರಿಯನ್ನು ನೆಲಕ್ಕೆ ಬಡಿದು ದೊಡ್ಡ ದನಿಯಲ್ಲಿ ಕೂಗಿಕೊಂಡ. ಸದ್ದು ಅವನ ಛತ್ರಿಯದೇ ಎಂದು ಸಭೆ ನಂಬಿತು. ಆಮೇಲೆ ವಿಂಗಿನಲ್ಲಿದ್ದ ಮ್ಯಾನೇಜರು ಕೈ ಎತ್ತಿದರು. ಹಾಸ್ಯಗಾರ ಒಂದು ಕೊನೆಯ ಮಾತು ಎಸೆದು ಒಳಗೆ ಬಂದ, ಬೀದಿ ಮೇಲೆ ಹೋಯಿತು, ದರ್ಬಾರು ಜಗ್ಗನೆ ಬೆಳಗಿತು. ಸಾವಿರ ಕೈ ಚಪ್ಪಾಳೆ ತಟ್ಟಿದವು. ಒಳಗೆ ಬಂದ ಹಾಸ್ಯಗಾರ ನನ್ನ ಪಕ್ಕದ ಟ್ರಂಕಿನ ಮೇಲೆ ಕುಸಿದು ಕುಳಿತು ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡ. ಚಪ್ಪಾಳೆ ಅರಸನ ವೇಷಕ್ಕೆ ಹೋಗಿತ್ತು. ಅದನ್ನು ಗಳಿಸಿಕೊಟ್ಟವನು ಉಸಿರು ಎಳೆದುಕೊಳ್ಳುತ್ತ ಇಲ್ಲಿ ಕುಳಿತಿದ್ದ.

ಜಾದೂಗಾರರ ವಿದ್ಯೆಯ ತಿರುಳು ಇದೇ. ನೋಡುವವರ ಕಣ್ಣು ಬಲಗೈ ಮೇಲಿದ್ದಾಗ ಕೆಲಸ ಎಡಗೈಯಲ್ಲಿ ಆಗಬೇಕು. ನಮ್ಮ ಮಾತಿನಲ್ಲಿ ಕಣ್ಕಟ್ಟು ಎನ್ನುವುದು ಅದನ್ನೇ. ಕಣ್ಣನ್ನು ಕಟ್ಟಿಹಾಕುವುದು, ಬಟ್ಟೆಯಿಂದ ಅಲ್ಲ, ಬೇರೆ ಕಡೆ ಎಳೆದು. ಇಡೀ ಕಂಪನಿಯನ್ನೇ ಒಬ್ಬ ಜಾದೂಗಾರ ಎಂದುಕೊಂಡರೆ ಹಾಸ್ಯಗಾರ ಅದರ ಬಲಗೈ. ಬೀದಿ ಪರದೆಯ ಮುಂದೆ ಅವನು ಎಷ್ಟು ಹೊತ್ತು ಜನರನ್ನು ಹಿಡಿದಿಡಬಲ್ಲ ಎಂಬುದರ ಮೇಲೆ ಹಿಂದಿನ ಅರಮನೆಯ ಎತ್ತರ ನಿಲ್ಲುತ್ತಿತ್ತು.

ನಮ್ಮ ಕಂಪನಿ ನಾಟಕಗಳು ಬೆಳೆಯುತ್ತಿದ್ದ ಕಾಲದಲ್ಲೇ ಅಮೆರಿಕದಲ್ಲೂ ಇದೇ ಲೆಕ್ಕಾಚಾರ ನಡೆದಿತ್ತು. ಅಲ್ಲಿನ ವಾಡೆವಿಲ್ ಎಂಬ ರಂಗದಲ್ಲಿ ಒಂದೇ ಸಂಜೆಗೆ ಹಾಡು, ಕುಣಿತ, ನಾಯಿ ಆಟ, ಕಸರತ್ತು, ಜಾದೂ, ನಗೆ ಎಲ್ಲವೂ ಸರದಿಯಂತೆ ಬರುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಹಬ್ಬಿ 1930ರ ಹೊತ್ತಿಗೆ ಸಿನಿಮಾದ ಹೊಡೆತಕ್ಕೆ ಸಿಕ್ಕಿತು. ದೊಡ್ಡ ಸಾಮಾನು ಬೇಕಾದ ಆಟಕ್ಕೆ ಹಿಂದೆ ಸಜ್ಜು ಮಾಡುವಾಗ ಮುಂದಿನ ಪರದೆಯೆದುರು ಒಬ್ಬನೋ ಇಬ್ಬರೋ ನಿಂತು ಹೊತ್ತು ಕಳೆಯಬೇಕು. ಹಾಗೆ ಜನರನ್ನು ಹಿಡಿದಿಡುತ್ತಿದ್ದವರಲ್ಲಿ ನಗಿಸುವ ಜಾದೂಗಾರರದೇ ಒಂದು ಪಂಗಡ. ಫ್ರಾಂಕ್ ವ್ಯಾನ್ ಹೋವೆನ್ ಎಂಬವನು ಅವರಲ್ಲಿ ದೊಡ್ಡ ಹೆಸರು. ಗಂಭೀರ ಜಾದೂಗಾರನಾಗಲು ಹೊರಟವನು. ಅವನ ಆಟ ಕೆಟ್ಟಾಗ ಜನ ಬಿದ್ದು ಬಿದ್ದು ನಕ್ಕರು. ಕೆಡುವುದನ್ನೇ ಅವನು ಕಸುಬು ಮಾಡಿಕೊಂಡ. ಸಭೆಯಿಂದ ಹುಡುಗರನ್ನು ಮೇಲಕ್ಕೆ ಕರೆದು ಅವರ ಕೈಗೆ ಮಂಜುಗಡ್ಡೆಯ ದೊಡ್ಡ ತುಂಡು ಕೊಡುತ್ತಿದ್ದ. ಅದು ಜಾರುತ್ತಿತ್ತು, ಕೈ ಮರಗಟ್ಟುತ್ತಿತ್ತು, ಅವನು ಮಾತಾಡುತ್ತಲೇ ಇರುತ್ತಿದ್ದ, ಹೇಳಿದ ಜಾದೂ ಆಗುತ್ತಲೇ ಇರಲಿಲ್ಲ. 1929ರಲ್ಲಿ ಅವನು ತೀರಿಕೊಂಡ. ನಮ್ಮಲ್ಲಿ ನಗಿಸುವ ಜಾದೂವಿನ ದಾರಿ ಹಿಡಿದವರು ಪಂಜಾಬಿನ ಧನಪತ್ ರಾಯ್ ಗೋಗಿಯಾ, ಅಂದರೆ ಗೋಗಿಯಾ ಪಾಷಾ. ಈಜಿಪ್ಟಿನವನ ವೇಷ, ಬಾಯಲ್ಲಿ ‘ಗಿಲಿ ಗಿಲಿ’. ಘಟ್ಟದ ಕೆಳಗೆ ಮಲಬಾರಿನಲ್ಲಿ ವಾಳಕುನ್ನಂ ನೀಲಕಂಠನ್ ನಂಬೂದಿರಿಗಳು ನೆಲದ ಮೇಲೆ ಕುಳಿತು, ಬಟ್ಟಲಿನಡಿ ಚೆಂಡು ಮಾಯ ಮಾಡುತ್ತ, ಹರಟುತ್ತ, ಕೇರಳದ ಜಾದೂವಿಗೆ ದಾರಿ ಹಾಕಿದರು.

ಕನ್ನಡದಲ್ಲಿ ಈ ವಿದ್ಯೆಗೆ ಹೆಸರು ಕಡಿಮೆ ಇಲ್ಲ. ಇಂದ್ರಜಾಲ, ಯಕ್ಷಿಣಿ, ಗಾರುಡಿ, ಕಣ್ಕಟ್ಟು. ಮೋಡಿ ಆಟ ನೋಡಿದವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಒಬ್ಬ ಕಟ್ಟಿದ ಮೋಡಿಯನ್ನು ಇನ್ನೊಬ್ಬ ಮುರಿಯಬೇಕು, ಮುರಿಯಲು ಹೋದವನು ಉರುಳಿ ಬೀಳುತ್ತಾನೆ, ತಮಟೆಯ ಬಡಿತ ಏರುತ್ತದೆ. ಅಲ್ಲಿಯೂ ಬಾಯಿಮಾತಿನ ಚುರುಕು ಇಲ್ಲದವನಿಗೆ ಜನ ನಿಲ್ಲುವುದಿಲ್ಲ. ಕೊಡಗಿನವರಿಗೆ ವೇಷ ಕಟ್ಟಿ ನಗಿಸುವುದು ಹೊಸದಲ್ಲ. ದಕ್ಷಿಣ ಕೊಡಗಿನ ಬೋಡ್ ನಮ್ಮೆಯಲ್ಲಿ ಗಂಡಸರು ಹೆಂಗಸಾಗಿ, ದೊರೆಯಾಗಿ, ಕರಡಿಯಾಗಿ ಮನೆ ಮನೆಗೆ ಬರುತ್ತಾರೆ. ದೇವರಪುರದ ಕುಂಡೆ ಹಬ್ಬದಲ್ಲಿ ಕಾಡಿನ ಮಕ್ಕಳು ದೇವರನ್ನೂ ಬಿಡದೆ ಬಯ್ಯುತ್ತಾರೆ. ಆ ದಿನ ಯಾರೂ ಬೇಸರಿಸುವಂತಿಲ್ಲ. ಎದುರಿಗಿದ್ದವನನ್ನು, ಅವನೆಷ್ಟೇ ದೊಡ್ಡವನಾಗಲಿ, ನಗೆಯ ಹೆಸರಿನಲ್ಲಿ ಕೆಣಕುವ ಹಕ್ಕು ಈ ನೆಲದಲ್ಲಿ ಹಳೆಯದು. ಹಿರಣ್ಣಯ್ಯನವರಂಥವರು ಊರಿಗೆ ಬಂದಾಗ ಅವರ ಕಲೆ ಕೊಡಗಿಗೆ ಪೂರ್ತಿ ಅಪರಿಚಿತವೇನೂ ಆಗಿರಲಾರದು ಎಂದು ನಾನು ನಂಬುವುದು ಇದಕ್ಕಾಗಿ.

ಕಂಪನಿ ನಾಟಕಗಳಿಗೆ ಮಾಯ ಕಲಿಸಿದವರು ಪಾರ್ಸಿಗಳು. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ನಾಟಕ ಕಟ್ಟಿದ್ದು ನಮ್ಮ ಉತ್ತರ ಕನ್ನಡದ ಭಾಗವತರ ಆಟ ನೋಡಿ. ಕೊಟ್ಟದ್ದು ನಲವತ್ತು ವರ್ಷದೊಳಗೆ ತಿರುಗಿ ಬಂತು; ಬರುವಾಗ ಬಣ್ಣದ ಪರದೆಗಳನ್ನು ತಂದಿತು. ಮುಂಬಯಿಯ ಪಾರ್ಸಿ ಕಂಪನಿಗಳು ಇಂಗ್ಲಿಷರ ರಂಗಮಂದಿರದ ಯಂತ್ರಗಳನ್ನೆಲ್ಲ ಕಲಿತು ಊರೂರು ತಿರುಗಿದವು. ಅವುಗಳನ್ನು ನೋಡಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಶ್ರಯದ ಅರಮನೆ ಕಂಪನಿ ಹುಟ್ಟಿತು, ಬಸವಪ್ಪ ಶಾಸ್ತ್ರಿಗಳು ಅದಕ್ಕೆ ಶಾಕುಂತಲ ಬರೆದುಕೊಟ್ಟರು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ, ಅಬ್ದುಲ್ ಅಜೀಜ್ ಸಾಹೇಬರೂ ಸೇರಿ ಊರಿನ ಕೆಲವು ಆಸಕ್ತರು ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಒಂದು ನಾಟಕ ಸಂಘ ಕಟ್ಟಿದರು.

ಆ ಸಂಘಕ್ಕೆ ಐದಾರು ವರ್ಷದ ಒಬ್ಬ ಹುಡುಗ ಸೇರಿಕೊಂಡ. 1891ರಲ್ಲಿ ಹುಟ್ಟಿದ ವೀರಣ್ಣ. ಬಾಲಪಾತ್ರ, ಸ್ತ್ರೀಪಾತ್ರ, ಆಮೇಲೆ ಹಾಸ್ಯ. 1917ರ ಸುಮಾರಿಗೆ ಕಂಪನಿಯ ಆಡಳಿತ ಅವರ ಕೈಗೆ ಬಂತು. ಹಾಸ್ಯಗಾರ ಮಾಲೀಕನಾದದ್ದರಿಂದ ಏನಾಯಿತು ಎಂಬುದನ್ನು ನಾವು ಬೇಕಾದಷ್ಟು ಯೋಚಿಸಿಲ್ಲ. ಬೀದಿ ಪರದೆಯ ಮುಂದೆ ನಿಂತು ಬೆವರು ಸುರಿಸಿದವನಿಗೆ ಹಿಂದೆ ಏನು ಎಷ್ಟು ಹೊತ್ತಿಗೆ ಆಗಬೇಕು ಎಂಬುದು ಉಸಿರಿನ ಲೆಕ್ಕದಲ್ಲಿ ಗೊತ್ತಿರುತ್ತದೆ. ವೀರಣ್ಣನವರು ಪರದೆಯ ಎರಡೂ ಬದಿಯನ್ನು ಬಲ್ಲವರಾಗಿದ್ದರು. ಅವರ ಕಂಪನಿಯ ವೈಭವ ಕರ್ನಾಟಕದಲ್ಲಿ ಬೇರೆ ಯಾರಿಗೂ ಒಲಿಯದೇ ಹೋದದ್ದಕ್ಕೆ ದುಡ್ಡೊಂದೇ ಕಾರಣವಲ್ಲ.

ಅವರನ್ನು ಮನೆಮಾತು ಮಾಡಿದ್ದು ಸದಾರಮೆ ನಾಟಕದ ಕಳ್ಳ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಲೇಖನಿ ಕಂಪನಿಗೆ ಒದಗಿ ಬಂದ ಕಾಲ ಅದು. ಗಂಡನಿಂದ ಅಗಲಿ ಒಂಟಿಯಾದ ಸದಾರಮೆಯ ಬೆನ್ನು ಹತ್ತುವ ಕಳ್ಳ, ಕೊನೆಗೆ ಅವಳ ಜಾಣತನಕ್ಕೆ ತಾನೇ ಸಿಕ್ಕಿಬೀಳುತ್ತಾನೆ. ಅವನು ಖಳ, ಆದರೂ ಜನ ಕಾಯುತ್ತಿದ್ದದ್ದು ಅವನು ಬರುವ ಹೊತ್ತಿಗೆ. ಮೋಸ ಮಾಡುವವನೇ ಮೋಸ ಹೋಗುವ ಆಟದಲ್ಲಿ ಎಲ್ಲ ಕಾಲದ ಜನಕ್ಕೂ ಒಂದು ಸುಖ ಇದೆ. ವ್ಯಾನ್ ಹೋವೆನ್ನನ ಮಂಜುಗಡ್ಡೆಯ ಗುಟ್ಟೂ ಅದೇ ಅಲ್ಲವೆ? ಕೈಚಳಕ ತೋರಿಸಲು ಬಂದವನು ಎಲ್ಲರೆದುರು ಸೋಲುತ್ತಾನೆ, ಸೋತು ಗೆಲ್ಲುತ್ತಾನೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ವೀರಣ್ಣನವರಿಗೆ ‘ವರ್ಸಟೈಲ್ ಕಮೇಡಿಯನ್’ ಎಂಬ ಬಿರುದು ಕೊಟ್ಟರು. ಇಂಗ್ಲಿಷಿನ ಆ ಎರಡು ಶಬ್ದಗಳು ಹ್ಯಾಂಡ್‌ಬಿಲ್ಲಿನಲ್ಲಿ ಕನ್ನಡ ಅಕ್ಷರ ತೊಟ್ಟು ಊರೂರಿಗೆ ಹೋದವು.

ಕಂಪನಿಯ ಮಾಯಗಳು ಹೇಗಾಗುತ್ತಿದ್ದವು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾಕ್ಷಸ ಬರುವಾಗ ಭಗ್ಗನೆ ಏಳುವ ಬೆಂಕಿ ರಾಳದ ಪುಡಿಯದು. ವಿಂಗಿನಲ್ಲಿ ಪಂಜು ಹಿಡಿದವನು ಮುಷ್ಟಿ ತುಂಬ ರಾಳ ಎರಚಬೇಕು, ಎಳ್ಳಷ್ಟು ಹೆಚ್ಚಾದರೆ ಪರದೆಗೇ ಬೆಂಕಿ. ನಾರದ ಇಳಿದು ಬರುವುದು ತಂತಿಯಲ್ಲಿ. ದೇವರು ಅದೃಶ್ಯನಾಗುವುದು ನೆಲದ ಹಲಗೆ ತೆರೆದು. ಜನ ಟ್ರಾನ್ಸ್‌ಫರ್ ಸೀನ್ ಎನ್ನುತ್ತಿದ್ದ ಅದ್ಭುತದ ಒಳಗುಟ್ಟು ಇರುವುದು ಮಡಿಚುವ ಪಟ್ಟಿಗಳಲ್ಲಿ. ಒಂದು ಮೈಗೆ ಕಾಡು, ಇನ್ನೊಂದು ಮೈಗೆ ಅರಮನೆ ಬರೆದು, ಪಟ್ಟಿಗಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿರುತ್ತಾರೆ. ತಬಲದ ಒಂದು ಪೆಟ್ಟಿಗೆ ಸರಿಯಾಗಿ ಹಗ್ಗ ಎಳೆದರೆ ಕಾಡು ಮಗುಚಿ ಅರಮನೆ ಆಗುತ್ತದೆ. ಎಳೆಯುವವನು ಒಬ್ಬನೇ ಇದ್ದರೆ ಒಳ್ಳೆಯದು. ಇಬ್ಬರಾದರೆ ಅರ್ಧ ಅರಮನೆ ಅರ್ಧ ಕಾಡು ಆಗುವ ಭಯ. ಗ್ಯಾಸ್ ಲೈಟಿನ ಕಾಲ ಕಳೆದು ಕಂಪನಿಗಳು ಡೈನಮೊ ಹೊತ್ತು ತಿರುಗತೊಡಗಿದ ಮೇಲೆ ಕತ್ತಲೆಯೂ ಬೆಳಕಿನಷ್ಟೇ ಕೈಗೆ ಸಿಕ್ಕಿತು. ಸ್ವಿಚ್ಚು ಒತ್ತಿದರೆ ಕತ್ತಲು, ಮತ್ತೆ ಒತ್ತಿದರೆ ಇಂದ್ರಲೋಕ.

ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಗುಬ್ಬಿ ಕಂಪನಿ 1930ರ ದಶಕದಲ್ಲಿ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬಂದವು. ಹಳಬರು ಅದನ್ನು ಹೇಳುವಾಗ ಈಗಲೂ ಕಣ್ಣು ಅರಳಿಸುತ್ತಾರೆ. ನನಗಂತೂ ಕಾಡುವ ಪ್ರಶ್ನೆ ಬೇರೆ: ಆನೆಯನ್ನು ವಿಂಗಿನ ಕತ್ತಲಲ್ಲಿ ಸದ್ದಿಲ್ಲದೆ ನಿಲ್ಲಿಸಿಕೊಂಡು, ರಥ ಜೋಡಿಸುವಷ್ಟು ಹೊತ್ತು ಪರದೆಯ ಮುಂದೆ ನಿಂತವರು ಏನು ಹೇಳಿ ನಗಿಸಿದ್ದಿರಬಹುದು? ಆ ಮಾತುಗಳನ್ನು ಯಾರೂ ಬರೆದಿಡಲಿಲ್ಲ. ಹಾಸ್ಯದ ಭಾಗ ಎಷ್ಟೋ ಸಲ ಕೈಬರಹದ ಪ್ರತಿಯಲ್ಲೇ ಇರುತ್ತಿರಲಿಲ್ಲ. ಊರಿಗೆ ತಕ್ಕಂತೆ, ದಿನಕ್ಕೆ ತಕ್ಕಂತೆ ಬಾಯಲ್ಲೇ ಹುಟ್ಟಿ ಬಾಯಲ್ಲೇ ಹೋಗುತ್ತಿತ್ತು. ಹಾಡುಗಳು ಪುಸ್ತಕವಾಗಿ ಎರಡಾಣೆಗೆ ಮಾರಾಟವಾದವು, ಗ್ರಾಮಫೋನ್ ತಟ್ಟೆಗಳಾದವು. ನಗೆ ಹಾಗೇ ಗಾಳಿಯಲ್ಲಿ ಕರಗಿತು. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ವೀರಣ್ಣನವರು ಸಿನಿಮಾಕ್ಕೂ ಕೈ ಹಾಕಿದರು. 1931ರಲ್ಲಿ ಬೆಲ್ಜಿಯಂನ ರಾಫೆಲ್ ಅಲ್ಗೊಯೆಟ್ ನಿರ್ದೇಶನದಲ್ಲಿ ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರದಲ್ಲಿ ಅವರೂ ಅವರ ಕಂಪನಿಯ ನಟಿ ಬಿ. ಜಯಮ್ಮನವರೂ ನಟಿಸಿದರು. ನಾಲಗೆಯೇ ಬಂಡವಾಳವಾದವನಿಗೆ ಮಾತಿಲ್ಲದ ಪರದೆ! 1935ರಲ್ಲಿ ಸದಾರಮೆ ಟಾಕಿಯಾಗಿ ಬಂತು. ಆಮೇಲೆ ಸುಭದ್ರಾ, ಜೀವನ ನಾಟಕ, ಹೇಮರೆಡ್ಡಿ ಮಲ್ಲಮ್ಮ. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಎಲ್ಲರೂ ಗುಬ್ಬಿಯ ಅನ್ನ ಉಂಡವರೇ. ವೀರಣ್ಣನವರು 1972ರಲ್ಲಿ, ಪದ್ಮಶ್ರೀ ಬಂದ ವರ್ಷವೇ, ತೀರಿಕೊಂಡರು. ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’.

ಇಷ್ಟೆಲ್ಲ ನಡೆಯುವಾಗ ಕೊಡಗು ಏನು ಮಾಡುತ್ತಿತ್ತು? ಕಂಪನಿಗಳ ಪ್ರಪಂಚ ರೈಲಿನ ಮೇಲೆ ಓಡುತ್ತಿದ್ದ ಪ್ರಪಂಚ. ಪರದೆಗಳ ಸುರುಳಿ, ಟ್ರಂಕು, ಸಿಂಹಾಸನ, ಪಾತ್ರೆ ಪಡಗ, ಹೆಂಗಸರು ಮಕ್ಕಳು, ಎಲ್ಲವನ್ನೂ ವ್ಯಾಗನ್ನಿಗೆ ತುಂಬಿ ಮುಂದಿನ ಸ್ಟೇಷನ್ನಿಗೆ ಇಳಿಸುವುದು. ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಗದಗ: ದೊಡ್ಡ ಮೊಕ್ಕಾಮುಗಳೆಲ್ಲ ರೈಲು ಹಳಿಯ ಮೇಲಿನ ಊರುಗಳು. ಅಮೆರಿಕದ ವಾಡೆವಿಲ್ ಬೆಳೆದದ್ದೂ ಹೀಗೇ. ಕೊಡಗಿಗೆ ಆಗ ರೈಲು ಇರಲಿಲ್ಲ, ಈಗಲೂ ಇಲ್ಲ. ಮೈಸೂರಿನಲ್ಲಿ ಇಳಿಸಿದ ಸಾಮಾನನ್ನು ನೂರಿಪ್ಪತ್ತು ಕಿಲೋಮೀಟರು ರಸ್ತೆಯಲ್ಲಿ ಎಳೆದು ತರಬೇಕು. ಮೇಲಾಗಿ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಕಾಲಿಟ್ಟರೆ ಟೆಂಟಿನ ಮಾತೇ ಇಲ್ಲ. ಪುತ್ತರಿ ಮುಗಿದು, ಕಾಫಿ ಕುಯ್ದು, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳುಗಳಷ್ಟೇ ನಾಟಕದವರ ಪಾಲಿಗೆ ಇದ್ದವು.

ಹಾಗೆಂದು ಕೊಡಗು ಬರಿದಾಗಿರಲಿಲ್ಲ. ಇಲ್ಲಿಯವರೇ ಆದ ಹರದಾಸ ಅಪ್ಪಚ್ಚಕವಿ, 1868ರಲ್ಲಿ ಹುಟ್ಟಿದವರು, 1906ರಲ್ಲಿ ಕೊಡವ ತಕ್ಕ್‌ನಲ್ಲಿ ಯಯಾತಿ ನಾಟಕ ಬರೆದರು. ಮುಂದೆ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ನಾಟಕಗಳನ್ನು ಬರೆದರು. ಬಯಲುಸೀಮೆಯ ಕಂಪನಿಗಳು ರೈಲಿನಲ್ಲಿ ಮಾಯಗಳನ್ನು ಹೊತ್ತು ತಿರುಗುತ್ತಿದ್ದ ಅದೇ ವರ್ಷಗಳಲ್ಲಿ, ಆವರೆಗೆ ಪುಸ್ತಕದ ಮುಖ ಹೆಚ್ಚಾಗಿ ಕಾಣದಿದ್ದ ಒಂದು ಭಾಷೆಗೆ ಒಬ್ಬ ಕವಿ ರಂಗ ಕಟ್ಟಿಕೊಟ್ಟ. 1944ರಲ್ಲಿ ಅವರು ತೀರಿಕೊಂಡರು.

ಅಷ್ಟು ಹೊತ್ತಿಗೆ ಕಂಪನಿಗಳ ಆಯುಸ್ಸೂ ಇಳಿಮುಖವಾಗಿತ್ತು. ಹನುಮಂತ ಹಾರುವುದನ್ನು ಸಿನಿಮಾ ತಂತಿ ಕಾಣದ ಹಾಗೆ ತೋರಿಸತೊಡಗಿತು. ಮಡಿಚುವ ಪಟ್ಟಿಯ ಅರಮನೆ ಯಾರಿಗೆ ಬೇಕು, ಎಂಟಾಣೆಗೆ ಬೆಳ್ಳಿ ಪರದೆಯ ಮೇಲೆ ನಿಜವಾದ ಅರಮನೆಯೇ ಸಿಗುವಾಗ? ಮೇಲೆ ಯುದ್ಧ ಬಂತು. ಸೀಮೆಎಣ್ಣೆ, ಬಟ್ಟೆ, ಅಕ್ಕಿ ಎಲ್ಲದಕ್ಕೂ ತತ್ವಾರ. ಅಂಥ ಹೊತ್ತಿನಲ್ಲಿ, 1942ರಲ್ಲಿ, ಹಿರಣ್ಣಯ್ಯನವರು ತಮ್ಮ ಹೆಸರಿನ ಮಿತ್ರ ಮಂಡಳಿ ಕಟ್ಟಿದರು. ಇದು ಹುಚ್ಚು ಧೈರ್ಯದ ಹಾಗೆ ಕಾಣಬಹುದು. ನನಗೆ ಅದರಲ್ಲಿ ಒಂದು ದೊಡ್ಡ ತಿಳಿವು ಕಾಣುತ್ತದೆ. ಸಿನಿಮಾ ಕಿತ್ತುಕೊಂಡದ್ದು ಪರದೆಯ ಹಿಂದಿನ ಮಾಯವನ್ನು ಮಾತ್ರ. ಪರದೆಯ ಮುಂದೆ ನಿಂತವನನ್ನು ಅದು ಮುಟ್ಟಲಾರದು. ಈ ಊರಿನಲ್ಲಿ, ಈ ರಾತ್ರಿ, ಎದುರಿನ ಬೆಂಚಿನಲ್ಲಿ ಕುಳಿತವರ ಮುಖ ನೋಡಿ ಹುಟ್ಟುವ ಮಾತನ್ನು ಯಾವ ರೀಲಿನಲ್ಲಿ ಸುತ್ತಿಡುತ್ತೀರಿ? ಅಲ್ಲಿಯವರೆಗೆ ಹೊತ್ತು ತುಂಬಿಸಲು ಇದ್ದ ನಾಲ್ಕು ಮೊಳ ಜಾಗವೇ ಮಿತ್ರ ಮಂಡಳಿಯಲ್ಲಿ ಇಡೀ ರಂಗವಾಯಿತು. ಬೀದಿ ಪರದೆಯ ಬೀದಿ ನಾಟಕದ ವಸ್ತುವಾಯಿತು: ಸಂಸಾರ, ಸಾಲ, ಸೋಗು, ದೇವದಾಸಿಯ ಬಾಳು, ಸಿರಿವಂತರ ದುಂದು. ದೇವದಾಸಿ, ಮಕ್ಮಲ್ ಟೋಪಿ ನಾಟಕಗಳು ಆ ಮಂಡಳಿಯ ಹೆಸರಿನೊಡನೆ ಬೆರೆತುಹೋದವು.

ಅವರ ಬಿರುದಿನಲ್ಲಿದ್ದ ‘ಕಲ್ಚರ್’ ಎಂಬ ಮಾತಿಗೂ ಇಲ್ಲಿ ಅರ್ಥವಿದೆ. ಕಂಪನಿ ಹಾಸ್ಯ ಎಂದರೆ ದ್ವಂದ್ವಾರ್ಥ, ಮನೆಮಂದಿ ಜೊತೆಗೆ ಕೂತು ಕೇಳುವಂಥದ್ದಲ್ಲ ಎಂಬ ದೂರು ಆ ಕಾಲದಲ್ಲಿ ಬಲವಾಗಿತ್ತು, ಸುಳ್ಳೂ ಆಗಿರಲಿಲ್ಲ. ಸೊಂಟದ ಕೆಳಗಿನ ಮಾತಿಗೆ ನಗು ಸುಲಭವಾಗಿ ಬರುತ್ತದೆ. ಅದನ್ನು ಬಿಟ್ಟು ನಗಿಸುತ್ತೇನೆಂದು ಹೊರಟವನು ಜನರ ಬುದ್ಧಿಯನ್ನು ನಂಬಬೇಕಾಗುತ್ತದೆ. ನೋಡುವವರನ್ನು ದಡ್ಡರೆಂದುಕೊಂಡ ಜಾದೂಗಾರ ಬೇಗ ಸಿಕ್ಕಿಬೀಳುತ್ತಾನೆ. ಅವರೂ ತನ್ನಷ್ಟೇ ಚುರುಕು ಎಂದುಕೊಂಡವನ ಕೈ ಮಾತ್ರ ಪಳಗುತ್ತದೆ.

1943ರಲ್ಲಿ ಅವರು ‘ವಾಣಿ’ ಚಿತ್ರ ನಿರ್ದೇಶಿಸಿದರು. ಪಿಟೀಲು ಚೌಡಯ್ಯನವರು ನಿರ್ಮಿಸಿ, ತಾವೇ ನಟಿಸಿದ ಚಿತ್ರ ಅದು. ಪಂಢರಿಬಾಯಿಯವರು ಮೊದಲ ಸಲ ಕ್ಯಾಮೆರಾ ಎದುರು ನಿಂತದ್ದೂ ಅದರಲ್ಲೇ. ಸಂಗೀತದ ಅಷ್ಟು ದೊಡ್ಡ ವಿದ್ವಾಂಸರು ತಮ್ಮ ಚಿತ್ರದ ಹೊಣೆಯನ್ನು ಒಬ್ಬ ನಗೆನಟನಿಗೆ ಒಪ್ಪಿಸಿದ್ದರು ಎಂಬುದನ್ನು ಗಮನಿಸಬೇಕು. ಚಿತ್ರ ಮುಗಿದ ಮೇಲೂ ಹಿರಣ್ಣಯ್ಯನವರು ರಂಗ ಬಿಡಲಿಲ್ಲ. ಮುಂದೆ ಬೆಳ್ಳಿತೆರೆಯಲ್ಲಿ ಕನ್ನಡಿಗರನ್ನು ದಶಕಗಟ್ಟಲೆ ನಗಿಸಿದ ನರಸಿಂಹರಾಜು ಕೂಡ ಕೆಲವು ಕಾಲ ಮಿತ್ರ ಮಂಡಳಿಯಲ್ಲಿ ಬಣ್ಣ ಹಚ್ಚಿದವರು.

ಹೀಗೆ ತಿರುಗುತ್ತ ತಿರುಗುತ್ತ ಮಂಡಳಿ ಮಡಿಕೇರಿಗೆ ಬಂದದ್ದು. ಮೊಕ್ಕಾಮಿನಲ್ಲಿ ಮಾಲೀಕ ಸತ್ತರೆ ಕಂಪನಿಗೆ ಏನಾಗುತ್ತದೆ ಎಂಬುದನ್ನು ಆ ಬದುಕು ಬಲ್ಲವರಿಗೆ ಹೇಳಬೇಕಾಗಿಲ್ಲ. ಸಂಬಳಕ್ಕೆ ಕಾಯುವ ನಟರು, ಕಿರಾಣಿ ಅಂಗಡಿಯ ಬಾಕಿ, ಮುಂದಿನ ಊರಿಗೆ ಸಾಗಿಸಬೇಕಾದ ಪರದೆಗಳು. ಆ ಪರದೆಗಳು ಬಾಡಿಗೆ ಕೊಠಡಿಯ ಮೂಲೆಯಲ್ಲಿ ಒಮ್ಮೆ ಬಿದ್ದುಕೊಂಡರೆ, ಮಡಿಕೇರಿಯ ಒಂದೇ ಮಳೆಗಾಲದ ತಂಡಿಗೆ ಬೂಷ್ಟು ಹಿಡಿದು, ಬರೆದ ಬಣ್ಣ ಪುಡಿಯಾಗಿ ಉದುರಲು ತೊಡಗುತ್ತದೆ. ಎಷ್ಟೋ ಕಂಪನಿಗಳ ಕಥೆ ಅಂಥ ಕೊಠಡಿಗಳಲ್ಲೇ ಮುಗಿದಿದೆ.

ಇಲ್ಲಿ ಹಾಗಾಗಲಿಲ್ಲ. ನರಸಿಂಹಮೂರ್ತಿ ಆಗಿನ್ನೂ ಕಾಲೇಜಿನ ದಿನಗಳನ್ನು ದಾಟಿ ಬಂದಿದ್ದ ತರುಣ. ತಂದೆಯ ಕೈಕೆಳಗೆ ಕಲಿತದ್ದು ಇತ್ತು, ಅನುಭವ ಇರಲಿಲ್ಲ. ಮಂಡಳಿ ಮತ್ತೆ ಎದ್ದು ನಿಂತಿತು, ನಿಲ್ಲಿಸಿದವರು ಆ ಮಗ. ಜನ ಅವರನ್ನು ಸ್ವಂತ ಹೆಸರಿನಿಂದ ಕರೆಯಲೇ ಇಲ್ಲ. ತಂದೆಯ ಹೆಸರೇ ಅವರಿಗೂ ನಿಂತಿತು. ಮಾಸ್ಟರ್ ಹಿರಣ್ಣಯ್ಯ. 1950ರ ದಶಕದ ಕೊನೆಗೆ ಅವರು ಲಂಚಾವತಾರ ಆಡತೊಡಗಿದರು. ಮಂತ್ರಿಗಳು ಮುಂದಿನ ಸಾಲಿನಲ್ಲಿ ಕುಳಿತಿರಲಿ, ಅಧಿಕಾರಿಗಳು ಹಿಂದೆ ನಿಂತಿರಲಿ, ಬೆಳಗಿನ ಪತ್ರಿಕೆಯಲ್ಲಿ ಓದಿದ್ದು ರಾತ್ರಿ ಅವರ ಬಾಯಲ್ಲಿ ಇರುತ್ತಿತ್ತು. ಸಾವಿರಾರು ಪ್ರಯೋಗ ಆಯಿತು. ಒಂದು ರಾತ್ರಿಯ ನಾಟಕ ಇನ್ನೊಂದು ರಾತ್ರಿ ಇರಲಿಲ್ಲ. ಕಥೆ ಎಲ್ಲಿಗೋ ನಿಲ್ಲುತ್ತಿತ್ತು, ಉಳಿದ ನಟರು ಬದಿಗೆ ಸರಿಯುತ್ತಿದ್ದರು, ಅವರೊಬ್ಬರೇ ದೀಪಗಳ ಸಾಲಿನ ಹತ್ತಿರಕ್ಕೆ ನಡೆದು ಬಂದು ಸಭೆಯೊಡನೆ ಮಾತಿಗಿಳಿಯುತ್ತಿದ್ದರು.

ಹಾಗೆ ಅವರು ಮುಂದಕ್ಕೆ ಬಂದು ನಿಂತಾಗ ಹಿಂದೆ ಯಾರೂ ಸಿಂಹಾಸನ ಹೊತ್ತು ತರುತ್ತಿರಲಿಲ್ಲ, ಹಗ್ಗ ಬಿಗಿಯುತ್ತಿರಲಿಲ್ಲ. ಮುಂದೆ ಬೆಳಗಬೇಕಾದ ದರ್ಬಾರು ಯಾವುದೂ ಇರಲಿಲ್ಲ. ಆದರೂ ಸಭೆ ಮಿಸುಕಾಡದೆ ಕುಳಿತಿರುತ್ತಿತ್ತು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವವರೆಗೂ ‘ಹಿರಣ್ಣಯ್ಯ’ ಎಂಬ ಹೆಸರು ಕನ್ನಡ ರಂಗಭೂಮಿಯಲ್ಲಿ ಬದುಕಿಯೇ ಇತ್ತು. ಅದನ್ನು ಮೊದಲು ಹೊತ್ತಿದ್ದವರು ತೀರಿಕೊಂಡು ಆಗ ಅರವತ್ತಾರು ವರ್ಷ, ಮಡಿಕೇರಿಯಲ್ಲಿ.